ನಲವತ್ತೆರಡನೇ ಫಲಕ

ಟೀವಿಯವಳು ಕೇಳಿದ ಪ್ರಶ್ನೆ ಸಣ್ಣದು. "ಸಾರ್, 'ಬಾಗಿಲು ಹಾಕಿ ಹೋಗು' ಹಾಡಿನ ಮೊದಲ ಸಾಲು ಎಲ್ಲಿ ಹುಟ್ಟಿತು?"

ಅಕ್ಕ ಆಗ ಟೀ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದಳು. ತಮ್ಮ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಪ್ಪು ಚರ್ಮದ ಜಾಕೆಟ್ಟು, ಬೆರಳಿಗೊಂದು ಉಂಗುರ, ಐವತ್ತೇಳು ವರ್ಷದ ತಲೆಗೆ ಇಪ್ಪತ್ತೇಳರ ಕೂದಲು. ಹೊರಗೆ ಜನಕ್ಕೆಲ್ಲ ಅವನು 'ಸಿಡಿಲು'. ಗಿಟಾರ್ ಎತ್ತಿಕೊಂಡು ಬಾಯಿ ತೆರೆದನೆಂದರೆ ಇಪ್ಪತ್ತು ಸಾವಿರ ಜನ ಎದ್ದು ನಿಲ್ಲುತ್ತಿದ್ದರು. ದೊಡ್ಡ ಸಂಗೀತ ಸಂಘದ ಜೀವಮಾನದ ಗೌರವ ಈ ಸಲ ಅವನಿಗೆ ಎಂದು ಹಿಂದಿನ ದಿನವಷ್ಟೇ ಪೇಪರಿನಲ್ಲಿ ಬಂದಿತ್ತು.

"ಬಸ್ಸಲ್ಲಿ," ಎಂದ ತಮ್ಮ. "ಫುಟ್‌ಬೋರ್ಡಲ್ಲಿ ನೇತಾಡ್ತಿದ್ದೆ. ಕಂಡಕ್ಟರು 'ರೀ, ಬಾಗಿಲು ಹಾಕ್ರೀ' ಅಂತ ಕೂಗ್ದ. ಅಷ್ಟೇ ನೋಡಿ! ನನ್ ಸ್ಟಾಪ್ ಬರೋದ್ರೊಳಗೆ ಹಾಡು ರೆಡಿ."

ಟೀವಿಯವಳು ನಕ್ಕಳು, ಕ್ಯಾಮೆರಾದವನೂ ನಕ್ಕ. ಟ್ರೇ ಮೇಲಿನ ಕಪ್ಪುಗಳು ಸಣ್ಣಗೆ ಗಲಗಲ ಎಂದವು. ಆ ಸದ್ದಿಗೆ ತಿರುಗಿದ ತಮ್ಮ ಕೈ ಚಾಚಿ ಅವಳನ್ನು ಕ್ಯಾಮೆರಾದ ಎದುರಿಗೆ ಎಳೆದುಕೊಂಡ. "ಇವ್ರು ನಮ್ಮಕ್ಕ. ಇವ್ಳಿಲ್ಲ ಅಂದ್ರೆ ನಂಗೆ ಸಾಕ್ಸ್ ಕೂಡ ಸಿಗಲ್ಲ!"

ಮತ್ತೆ ನಗು.

ಆ ಸಾಲು ಹುಟ್ಟಿದ್ದು ಬಸ್ಸಿನಲ್ಲಲ್ಲ. ಅಕ್ಕನಿಗೆ ಇಪ್ಪತ್ತೆರಡಾಗಿದ್ದಾಗ, ಮದುವೆಯಾಗುತ್ತೇನೆ ಎಂದಿದ್ದ ಹುಡುಗ ಒಂದು ಮಧ್ಯಾಹ್ನ ಮನೆಗೆ ಬಂದಿದ್ದ. ಹತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕೂತಿದ್ದ, ಮನೆಯವರು ಬೇರೆ ಕಡೆ ನೋಡಿದ್ದಾರೆ ಎಂದಿದ್ದ, ಎದ್ದು ಹೋಗಿದ್ದ. ಹೋಗುವಾಗ ಬಾಗಿಲು ಹಾಕಿರಲಿಲ್ಲ. ಅದನ್ನು ಹಾಕಲು ಕೂಡ ಎದ್ದು ಹೋಗಲಾರದೆ ಅವಳು ಮೇಜಿನ ಮೇಲಿದ್ದ ಕರೆಂಟ್ ಬಿಲ್ಲಿನ ಹಿಂದೆ ಬರೆದಿದ್ದಳು: ಹೋಗೋದಾದ್ರೆ ಹೋಗು, ಬಾಗಿಲು ಹಾಕಿ ಹೋಗು. ಮನೆ ಖಾಲಿ ಅಂತ ಗಾಳಿಗೂ ಗೊತ್ತಾಗಬಾರದು.

ತಮ್ಮನಿಗಾಗ ಹದಿನೇಳು. ಗಿಟಾರ್ ಕಲಿಯುತ್ತಿದ್ದ. ಬಿಲ್ಲನ್ನು ಓದಿ ಅದಕ್ಕೊಂದು ಅಬ್ಬರದ ರಾಗ ಕಟ್ಟಿದ. ರೆಕಾರ್ಡು ಕಂಪನಿಯ ಮನುಷ್ಯ ಕೇಳಿ ಹುಚ್ಚಾದ. ಆದರೆ ಬರೆದವಳು ಅಕ್ಕ ಎಂದಾಗ ಮುಖ ಕಿವುಚಿದ. ರಾಕ್ ಹಾಡುವವನು ತನ್ನ ಹಾಡನ್ನು ತಾನೇ ಬರೆಯಬೇಕು, ಮನೆಯ ಹೆಂಗಸರು ಬರೆದುಕೊಟ್ಟದ್ದು ಎಂದರೆ ಯಾರು ಕೊಳ್ಳುತ್ತಾರೆ ಎಂದ. ಮನೆಗೆ ಬಂದ ತಮ್ಮ ಅವಳ ಕೈ ಹಿಡಿದು, "ಒಂದೇ ಒಂದ್ಸಲ ಅಕ್ಕಾ" ಎಂದಿದ್ದ.

ಆ ಒಂದು ಸಲಕ್ಕೆ ಈಗ ನಲವತ್ತು ವರ್ಷ.

ಟೀವಿಯವರು ಹೋದ ಮೇಲೆ ತಮ್ಮ ಅಡುಗೆಮನೆಗೆ ಬಂದ. ಅಕ್ಕ ಕಪ್ಪು ತೊಳೆಯುತ್ತಿದ್ದಳು.

"ಬೇಜಾರಾಯ್ತಾ ಅಕ್ಕಾ?"

"ಯಾತಕ್ಕೆ?"

"ಸಾಕ್ಸ್ ಅಂದಿದ್ದಕ್ಕೆ."

"ಇಲ್ವಲ್ಲ. ಸಾಕ್ಸ್ ಹುಡುಕಿಕೊಡೋಳು ನಾನೇ ತಾನೆ," ಎಂದಳು.

ಅವನು ತೊಳೆದ ಕಪ್ಪೊಂದನ್ನು ಒರೆಸಿಟ್ಟು ಹೋದ. ಮರುದಿನ ಬೆಳಗ್ಗೆ ಎಲ್ಲಿಗೆಂದು ಹೇಳದೆ ಕಾರು ತೆಗೆದುಕೊಂಡು ಹೊರಟ. ಅಕ್ಕನೂ ಕೇಳಲಿಲ್ಲ. ಅವಳು ಆಗಲೇ ಬೇರೆ ಲೆಕ್ಕದಲ್ಲಿದ್ದಳು.

ಅಮ್ಮನ ಕೋಣೆ ಈಗ ಪ್ರಶಸ್ತಿಗಳ ಕೋಣೆ. ಒಟ್ಟು ನಲವತ್ತೊಂದು. ಕಾಲೇಜು ಸ್ಪರ್ಧೆಯ ಮರದ ಗಿಟಾರು, ರೇಡಿಯೋದವರು ಕೊಟ್ಟ ಹಿತ್ತಾಳೆಯ ಮೈಕು, ಗೋಡೆ ತುಂಬ ಚಿನ್ನದ ಬಣ್ಣದ ರೆಕಾರ್ಡುಗಳು, ಮೂಲೆ ಒಡೆದ ಗಾಜಿನ ಜ್ವಾಲೆ, ವಿಶ್ವವಿದ್ಯಾಲಯದವರು ಡಾಕ್ಟರೇಟ್ ಜೊತೆಗೆ ಹೊದಿಸಿದ ಕೆಂಪು ಗೌನು. ಪ್ರತಿ ಶುಕ್ರವಾರ ಅವುಗಳನ್ನೆಲ್ಲ ಒರೆಸುವವಳು ಅಕ್ಕ. ಹಿತ್ತಾಳೆಗೆ ಒಂದು ಬಟ್ಟೆ, ಗಾಜಿಗೆ ಇನ್ನೊಂದು. ಕಿಟಕಿಯ ಪಕ್ಕದ ಶೆಲ್ಫಿನಲ್ಲಿ ಏಳು ಫಲಕಗಳು ಬೇರೆಯಾಗಿ ನಿಂತಿದ್ದವು. ಏಳರ ಮೇಲೂ ಒಂದೇ ಮಾತು: 'ವರ್ಷದ ಅತ್ಯುತ್ತಮ ಗೀತರಚನೆಕಾರ'. ಆ ಶೆಲ್ಫನ್ನು ಒರೆಸುವಾಗ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು, ಕೊಳೆತ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಹೋಗುವವರ ಹಾಗೆ.

ಮೊದಲ ವಾರ ಬಂದದ್ದೆಲ್ಲ ಸಣ್ಣ ಬುದ್ಧಿಯ ಯೋಚನೆಗಳು. ಅವನ ಬಿಗಿ ಜೀನ್ಸನ್ನು ಬಿಸಿನೀರಿನಲ್ಲಿ ಕುದಿಸಿ ಇನ್ನೂ ಕುಗ್ಗಿಸುವುದು. ಆ ಕೂದಲು ಎಲ್ಲಿಂದ ಬಂತೆಂದು ಟೀವಿಯವಳಿಗೆ ಫೋನು ಮಾಡುವುದು. ಎರಡನೇ ವಾರ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ನಲವತ್ತು ವರ್ಷದ ಗಾಯಕ್ಕೆ ಜೀನ್ಸು ಕುಗ್ಗಿಸುವುದು ಪರಿಹಾರವೇ? ಅವನನ್ನು ಕೊಲ್ಲುವುದು ಬೇಡ. ಸತ್ತರೆ ಊರೂರಲ್ಲಿ ಮೂರ್ತಿ ನಿಲ್ಲಿಸುತ್ತಾರೆ. ಆ ಮೂರ್ತಿಗಳ ಕೆಳಗೂ 'ಗೀತರಚನೆಕಾರ' ಎಂದೇ ಕೆತ್ತುತ್ತಾರೆ. ಅವನು ಬದುಕಿರಬೇಕು. ಬದುಕಿದ್ದು, ಆ ಏಳು ಫಲಕಗಳೆದುರು ದಿನವೂ ತಲೆ ತಗ್ಗಿಸಬೇಕು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕೋಲು ಅವಳ ಬಲಗೈಯಲ್ಲೇ ಇತ್ತು.

ಸಿಡಿಲಿನ ಸಹಿ ಊರಿಗೆಲ್ಲ ಗೊತ್ತು. ಓರೆಯಾಗಿ ಮೇಲಕ್ಕೇರಿ, ಕೊನೆಯಲ್ಲಿ ಮಿಂಚಿನಂತೆ ಒಂದು ಸೊಟ್ಟ ಗೆರೆ. ಜನ ಅದನ್ನು ಅಂಗಿಯ ಮೇಲೆ, ಗಿಟಾರಿನ ಮೇಲೆ ಅಚ್ಚು ಹಾಕಿಸಿಕೊಂಡಿದ್ದರು, ಒಬ್ಬ ಹುಚ್ಚನಂತೂ ಬೆನ್ನಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಆ ಸಹಿ ಅಕ್ಕನದು. ಮೊದಲ ರೆಕಾರ್ಡು ಬಂದ ವರ್ಷ ಅಭಿಮಾನಿಗಳ ಪತ್ರಗಳು ಚೀಲಗಟ್ಟಲೆ ಬರತೊಡಗಿದಾಗ, ಶಾಲೆಯ ಹುಡುಗನಂತೆ ಒಂದೊಂದೇ ಅಕ್ಷರವನ್ನು ಗುಂಡಗೆ ಬರೆಯುವ ತಮ್ಮ ಎರಡೇ ದಿನಕ್ಕೆ ಸುಸ್ತಾಗಿದ್ದ. "ನೀನೇ ಏನಾದ್ರೂ ಗೀಚಕ್ಕಾ, ಯಾರು ನೋಡ್ತಾರೆ" ಎಂದಿದ್ದ. ಅವಳು ಅಂದೇ ಆ ಮಿಂಚಿನ ಗೆರೆ ಕಂಡುಹಿಡಿದಳು. ಅಂದಿನಿಂದ ಪತ್ರ, ಫೋಟೋ, ಒಪ್ಪಿಗೆ, ಧನ್ಯವಾದ, ಎಲ್ಲದಕ್ಕೂ ಅವಳದೇ ಕೈ. ಎದುರಿಗೇ ಬಂದು ಕೈ ಚಾಚುವವರಿಗೆ ಅವನು ಸಹಿ ಹಾಕುವುದೇ ಇಲ್ಲ, ತಬ್ಬಿಕೊಂಡು ಕಳಿಸುತ್ತಾನೆ. ದೊಡ್ಡ ಮನಸ್ಸಿನವನು ಎಂದು ಹೆಸರು ಬೇರೆ.

ಖೋಟಾ ಸಹಿ ಸಿಕ್ಕಿಬೀಳುವುದು ಅಸಲಿನ ಪಕ್ಕ ಇಟ್ಟು ನೋಡಿದಾಗ. ಇಲ್ಲಿ ಅಸಲು ಎಂಬುದೇ ಇರಲಿಲ್ಲ. ಯಾವ ತಜ್ಞ ಬಂದರೂ, ಯಾವ ಹಳೆಯ ಪತ್ರದ ಪಕ್ಕ ಇಟ್ಟರೂ, ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದು ಸಾಧ್ಯವಿಲ್ಲ.

ಹಾಗಾದರೆ ಪತ್ರ. ಗೌರವ ಬೇಡವೆನ್ನುವ ಪತ್ರ, ಸಿಡಿಲಿನ ಕೈಯಿಂದ, ಸಂಘಕ್ಕೆ. ಅದರಲ್ಲಿ ಏನಿರಬೇಕು?

ನಿಜ ಬರೆಯಬಹುದಿತ್ತು: ಹಾಡುಗಳೆಲ್ಲ ನಮ್ಮಕ್ಕನವು. ಆ ಸಾಲನ್ನು ಅವಳು ಮನಸ್ಸಿನಲ್ಲೇ ಎರಡು ಮೂರು ಸಲ ಬರೆದು ನೋಡಿದಳು. ನೋಡಲು ಚೆನ್ನಾಗಿತ್ತು. ಆದರೆ ಮರುಕ್ಷಣ ಎಲ್ಲರ ಕಣ್ಣು ತಿರುಗುವುದು ಅವಳತ್ತಲೇ. ಲಾಭ ಯಾರಿಗೋ ಕಳ್ಳತನ ಅವರದೇ ಎಂದು ಎಂಥ ಪೊಲೀಸಿನವನಿಗೂ ಗೊತ್ತು. ಹಾಡು ತನ್ನದೆಂದು ಅವಳು ಬಾಯಿ ಬಿಟ್ಟರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಆದ್ದರಿಂದ ಹಾಡುಗಳು ಅವಳವಾಗಬಾರದು. ಸತ್ತವನೊಬ್ಬನವಾಗಬೇಕು.

ತಗಡು ಇದ್ದನಲ್ಲ. ತಮ್ಮನ ತಂಡದ ಡ್ರಮ್ಮರು. ಚಿಕ್ಕಂದಿನಲ್ಲಿ ಛಾವಣಿಯ ತಗಡು ಬಡಿದೇ ಕಲಿತವನು, ಹಾಗಾಗಿ ಆ ಹೆಸರು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೇಳಿಕೊಳ್ಳಲು ಒಬ್ಬ ಚಿಕ್ಕಪ್ಪನೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಹೋಟೆಲಿನ ಕೋಣೆಯಲ್ಲಿ ಮಲಗಿದ್ದವನು ಬೆಳಗ್ಗೆ ಏಳಲಿಲ್ಲ. ಯಾವಾಗಲೂ ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಟ್ಟುಕೊಂಡು ತಾಳದ ಲೆಕ್ಕ ಬರೆಯುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಅವನು ಸತ್ತ ಮೇಲೂ ಮೂರು ಆಲ್ಬಂ ಬಂದವಲ್ಲ ಎಂದು ಯಾರಾದರೂ ಕೇಳಿಯಾರು. ಅದಕ್ಕೂ ಉತ್ತರ ಸಿದ್ಧವಿತ್ತು: ಎರಡು ನೋಟ್‌ಬುಕ್ ಬಿಟ್ಟು ಹೋಗಿದ್ದ.

ತಮ್ಮನಿಗೆ ಗೊತ್ತಾಗುವುದಿಲ್ಲವೇ? ಗೊತ್ತಾಗಲೇಬೇಕು. ಅದೇ ಅಲ್ಲವೇ ಸುಖ! ಸಹಿ ನೋಡಿದ ಕ್ಷಣದಲ್ಲೇ ಇದು ಯಾರ ಕೈ ಎಂದು ಅವನಿಗೆ ತಿಳಿಯುತ್ತದೆ. ಆದರೆ ಹೇಳುವುದು ಹೇಗೆ? 'ಸಹಿ ನನ್ನದಲ್ಲ, ಅಕ್ಕನದು' ಎಂದರೆ ನಲವತ್ತು ವರ್ಷದ ಅಷ್ಟೂ ಸಹಿಗಳು ಅಕ್ಕನವು ಎಂದಾಯಿತು. ಆ ಹುಚ್ಚನ ಬೆನ್ನೂ ಸೇರಿ. ಸಹಿಯೇ ಅವಳದಾದರೆ ಹಾಡು ಯಾರದಪ್ಪಾ ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ನುಂಗಲೂ ಆಗದು, ಉಗುಳಲೂ ಆಗದು. ಬಾಯಿ ಸುಟ್ಟುಕೊಂಡು ಸುಮ್ಮನಿರಬೇಕು, ಅಷ್ಟೇ.

ತನಗೂ ದಕ್ಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಎದುರಿನವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡ ಕತೆ ಅವಳೂ ಕೇಳಿದ್ದಳು. ಆದರೆ ನಲವತ್ತು ವರ್ಷ ಈ ಮೂಗಿನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಹೋದರೆ ಹೋಯಿತು.

ಹಾಗಾದರೆ ಕರಡುಗಳು ಇರಬಾರದು. ಅವಳ ಬೀರುವಿನ ಕೆಳಗಿನ ಖಾನೆಯಲ್ಲಿ ಎಲ್ಲವೂ ಇದ್ದವು. ಕರೆಂಟ್ ಬಿಲ್ಲುಗಳು, ಕ್ಯಾಲೆಂಡರಿನ ಹರಿದ ಹಾಳೆಗಳು, ಅಮ್ಮನ ಆಸ್ಪತ್ರೆಯ ಚೀಟಿಗಳು, ಎಲ್ಲದರ ಹಿಂಬದಿಯಲ್ಲಿ ಅವಳ ಅಕ್ಷರ, ಹೊಡೆದುಹಾಕಿದ ಸಾಲುಗಳು, ಮತ್ತೆ ಬರೆದ ಸಾಲುಗಳು. ಈ ಲೆಕ್ಕವೆಲ್ಲ ಕೂಡಿಬರಲು ಮೂರು ತಿಂಗಳು ಹಿಡಿಯಿತು. ಗೌರವ ಕೊಡುವ ಕಾರ್ಯಕ್ರಮದ ವಾರ, ಮಂಗಳವಾರ ಬೆಳಗ್ಗೆ ತಮ್ಮ ಎಂದಿನಂತೆ ಹೇಳದೆ ಕೇಳದೆ ಹೊರಗೆ ಹೋದಾಗ, ಹಿತ್ತಲಿನಲ್ಲಿ ಹಳೆಯ ಬಕೆಟ್ಟಿಟ್ಟು ಬೆಂಕಿ ಹಚ್ಚಿದಳು.

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಇಣುಕಿದಳು. "ಏನಕ್ಕಾ, ಬೆಳಬೆಳಗ್ಗೆ ಹೊಗೆ ಹಾಕ್ತಿದೀರ? ನಮ್ಮ ಬಟ್ಟೆ ಎಲ್ಲಾ ವಾಸ್ನೆ!"

"ನಲವತ್ತು ವರ್ಷದ ಹಳೇ ಕರೆಂಟ್ ಬಿಲ್ಲು ಕಣ್ರೀ."

"ಅಯ್ಯೋ, ನಲವತ್ತು ವರ್ಷದ್ದು ಇಟ್ಕೊಂಡಿದ್ರಾ? ನಮ್ಮನೆಯವರು ಈ ತಿಂಗಳದ್ದೇ ಕಳ್ದಾಕಿದಾರೆ."

ಅಕ್ಕ ನಕ್ಕಳು. ಸುಳ್ಳನ್ನಂತೂ ಹೇಳಿರಲಿಲ್ಲ. ಆ ಮೊದಲ ಬಿಲ್ಲು ಮಾತ್ರ ಬೇಗ ಹತ್ತಿಕೊಳ್ಳಲಿಲ್ಲ. ಮಡಿಕೆಯಲ್ಲಿ ಒಂದು ಗಳಿಗೆ ಕಪ್ಪಗಾಗಿ ನಿಂತು, 'ಖಾಲಿ' ಎಂಬ ಪದ ಕೊನೆಯವರೆಗೂ ಕಾಣುತ್ತಿತ್ತು. ಅವಳು ಕಡ್ಡಿಯಿಂದ ಒತ್ತಿ ಹಿಡಿದಳು.

ಅಂದೇ ಮಧ್ಯಾಹ್ನ ಪತ್ರ ಬರೆದಳು. ತಮ್ಮನ ಹೆಸರು ಅಚ್ಚಾದ ಹಾಳೆ, ಯಾವಾಗಲೂ ಬಳಸುವ ನೀಲಿ ಪೆನ್ನು. 'ಮಾನ್ಯರೇ, ನನ್ನ ಹೆಸರಿನಲ್ಲಿರುವ ಹಾಡುಗಳಲ್ಲಿ ಒಂದನ್ನೂ ನಾನು ಬರೆದಿಲ್ಲ. ಎಲ್ಲವೂ ನಮ್ಮ ಡ್ರಮ್ಮರ್ ತಗಡು ಬರೆದವು. ಕೊನೆಯ ಹಾಡುಗಳು ಅವನು ಬಿಟ್ಟುಹೋದ ಎರಡು ನೋಟ್‌ಬುಕ್ಕಿನವು. ಗಂಟಲು ನನ್ನದು, ಮಾತು ಅವನದು. ಈ ಗೌರವ ತೆಗೆದುಕೊಂಡರೆ ಸತ್ತವನ ಜೇಬಿಗೆ ಕೈ ಹಾಕಿದಂತೆ.' ಓದಿ ನೋಡಿದಳು. ತುಂಬಾ ಚೆನ್ನಾಗಿತ್ತು. ತಮ್ಮನ ಮಟ್ಟಕ್ಕೆ ಸ್ವಲ್ಪ ಕೆಡಿಸೋಣವೆಂದು ಪೆನ್ನೆತ್ತಿದಳು, ಮನಸ್ಸು ಬರಲಿಲ್ಲ. ಕೆಳಗೆ ಮಿಂಚಿನ ಗೆರೆ ಎಳೆದಳು. ಮೂರು ಜೆರಾಕ್ಸ್ ಪ್ರತಿ, ಮೂರು ಪೇಪರಿನ ಆಫೀಸಿಗೆ. ಸಂಘದವರು ಮುಚ್ಚಿಹಾಕಲು ನೋಡಿದರೆ ಆಗಬಾರದಲ್ಲ.

ಬುಧವಾರ ತಮ್ಮನಿಗೆ ಗಂಟಲು ಡಾಕ್ಟರ ಹತ್ತಿರ ತಪಾಸಣೆ. ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಅಂಚೆ ಪೆಟ್ಟಿಗೆ, ಅದರ ಮೇಲೆ ಕಂಬದಲ್ಲೊಂದು ಕ್ಯಾಮೆರಾ. ಅಕ್ಕ ಅದನ್ನು ಹಿಂದಿನ ತಿಂಗಳೇ ಗಮನಿಸಿದ್ದಳು. ಕಾರಿನಿಂದ ಇಳಿಯದೆ ತಮ್ಮನ ಕೈಗೆ ಲಕೋಟೆಗಳ ಕಟ್ಟು ಕೊಟ್ಟಳು, ಇಪ್ಪತ್ತು ಅಭಿಮಾನಿಗಳದು, ನಾಲ್ಕು ಅವಳದು. "ಇದನ್ನ ಹಾಕ್ಬಿಟ್ಟು ಬಾರೋ, ನಂಗೆ ಮೊಣಕಾಲು ನೋವು."

"ಇಷ್ಟೊಂದು ಜನಕ್ಕೆ ಉತ್ರ ಬರೀತೀಯಲ್ಲ ಅಕ್ಕಾ, ಕೈ ನೋಯಲ್ವಾ ನಿಂಗೆ?"

"ಅಭ್ಯಾಸ ಆಗಿದೆ."

ಅವನು ಒಂದೊಂದಾಗಿ ಹಾಕಿದ. ಲಕೋಟೆಯ ಮೇಲೆ ಅವನ ಬೆರಳ ಗುರುತು, ಕ್ಯಾಮೆರಾದಲ್ಲಿ ಅವನ ಮುಖ. ಕೊನೆಯದನ್ನು ಹಾಕಿ, ಪೆಟ್ಟಿಗೆಯ ತಲೆ ತಟ್ಟಿ, ಅವಳತ್ತ ತಿರುಗಿ ಹಲ್ಲು ಬಿಟ್ಟ. ಇದಕ್ಕಿಂತ ಅಚ್ಚುಕಟ್ಟಾದ ಅಪರಾಧ ಇರಲು ಸಾಧ್ಯವೇ? ಹಿಂತಿರುಗುವ ದಾರಿಯುದ್ದಕ್ಕೂ ಅವಳು ಅವನ ಹೊಸ ರಾಗವೊಂದನ್ನು ಗುನುಗಿದಳು.

ಕಾರ್ಯಕ್ರಮದ ಹಿಂದಿನ ದಿನ, ಶುಕ್ರವಾರ, ತಮ್ಮನಿಗೆ ಮೌನ. ದೊಡ್ಡ ಕಾರ್ಯಕ್ರಮದ ಮುಂಚೆ ಒಂದಿಡೀ ದಿನ ಗಂಟಲಿಗೆ ರಜೆ ಕೊಡುವುದು ಅವನ ಪದ್ಧತಿ. ಫೋನು ಮುಟ್ಟುವುದಿಲ್ಲ, ಏನು ಬೇಕಾದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ. ಅವಳು ಶುಕ್ರವಾರಕ್ಕೇ ಪತ್ರ ತಲುಪುವಂತೆ ನೋಡಿಕೊಂಡದ್ದು ಅದಕ್ಕೇ. ಹನ್ನೊಂದು ಗಂಟೆಗೆ ಮೊದಲ ಪೇಪರಿನವನ ಫೋನು.

"ಈ ಪತ್ರ ಸಾರ್‌ದೇನಾ ಮೇಡಂ?"

"ಯಾವ ಪತ್ರವೋ ನಂಗೇನಪ್ಪಾ ಗೊತ್ತು, ನಾನು ಮನೆ ನೋಡ್ಕೊಳ್ಳೋಳು. ಸಾರ್ ಇವತ್ತು ಮಾತಾಡಲ್ಲ. ಸಹಿ ಇದ್ಯಲ್ಲ, ನೋಡ್ಕೊಳ್ಳಿ."

ಸಂಘದವರ ನಂಬರು ಬಂದಾಗ ಅವಳು ಫೋನಿನ ತಂತಿಯನ್ನೇ ಕಿತ್ತಿಟ್ಟಳು.

ಮಧ್ಯಾಹ್ನ ತಮ್ಮ ಸ್ಲೇಟು ಹಿಡಿದು ಬಂದ. ಗುಂಡು ಗುಂಡು ಅಕ್ಷರ. 'ನಾಳೆ ನೀನು ಮುಂದಿನ ಸಾಲಲ್ಲಿ ಕೂರಬೇಕು. ಮೆಟ್ಟಿಲ ಪಕ್ಕ.'

"ಯಾಕೋ?"

ಅವನು ಒರೆಸಿ ಬರೆದ. 'ನನ್ನ ಜಾಕೆಟ್ ಹಿಡ್ಕೊಳ್ಳೋಕೆ.' ಬರೆದು ಸದ್ದಿಲ್ಲದೆ ಭುಜ ಕುಣಿಸಿ ನಕ್ಕ. ಮತ್ತೆ ಒರೆಸಿ ಬರೆದ. 'ಹೊಸ ಬಟ್ಟೆ ಹಾಕ್ಕೋ.'

ನಾಳೆ ನೋಡೋಣ ಯಾರು ಯಾರ ಜಾಕೆಟ್ಟು ಹಿಡಿಯುತ್ತಾರೋ ಎಂದುಕೊಂಡಳು ಅಕ್ಕ. ಅವಳಲ್ಲಿ ಒಂದು ಚೂರು ಕರುಣೆ ಉಳಿದಿದ್ದರೆ ಆ ಸ್ಲೇಟು ಅದನ್ನೂ ಒರೆಸಿಹಾಕಿತು.

ಶನಿವಾರ ಬೆಳಗ್ಗೆ ಪೇಪರು ಬಾಗಿಲ ಬಳಿ ಬಿದ್ದಿತ್ತು. ಮುಖಪುಟದಲ್ಲಿ, ಅರ್ಧ ಪುಟದಷ್ಟು: 'ಹಾಡುಗಳು ನನ್ನವಲ್ಲ' – ಸಿಡಿಲು. ಪಕ್ಕದಲ್ಲಿ ಪತ್ರದ ಚಿತ್ರ, ಸಹಿ ದೊಡ್ಡದಾಗಿ. ಅವಳು ಮುಟ್ಟದೆ ಒಳಗೆ ಹೋಗಿ ಬ್ರೆಡ್ ಸುಡತೊಡಗಿದಳು. ತಮ್ಮ ಎದ್ದು ಬಂದದ್ದು ಕೇಳಿಸಿತು, ಬಾಗಿಲು ತೆರೆದದ್ದು ಕೇಳಿಸಿತು. ಹೋಗಿ ನೋಡಿದರೆ ಹೊಸ್ತಿಲ ಮೇಲೆ ಕೂತಿದ್ದ, ಪೇಪರು ತೊಡೆಯ ಮೇಲೆ. ಕೂದಲು ಇನ್ನೂ ತಲೆಗೇರಿರಲಿಲ್ಲ. ಬೋಳುತಲೆಯ, ವಯಸ್ಸಾದ, ಪೈಜಾಮ ಹಾಕಿದ ಒಬ್ಬ ಮನುಷ್ಯ. ಅವನ ಹೆಬ್ಬೆರಳು ಆ ಮಿಂಚಿನ ಗೆರೆಯ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು.

ಅವನು ಕೂಗಾಡುತ್ತಾನೆ ಎಂದು ಅವಳು ಎಣಿಸಿದ್ದಳು. ಉತ್ತರಗಳನ್ನೂ ಹೊಂದಿಸಿಟ್ಟಿದ್ದಳು, ಒಂದೊಂದೂ ಪಲ್ಲವಿಯಂತೆ ಚುರುಕಾಗಿ.

"ತಗಡು ಹೆಸರು ಯಾಕೆ ಹಾಕ್ದೆ ಅಕ್ಕಾ?" ಎಂದ. ಒಂದು ದಿನ ಸುಮ್ಮನಿದ್ದ ಗಂಟಲು ಕೀರಲಾಗಿತ್ತು. "ನಿನ್ ಹೆಸರೇ ಹಾಕ್ಬಹುದಿತ್ತಲ್ಲ."

"ನನ್ ಹೆಸರು ಯಾರಿಗೋ ಗೊತ್ತು? ಸಾಕ್ಸ್ ಹುಡುಕೋಳ ಹೆಸರು?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಅಳುತ್ತಾನೆಂದು ಅವಳಿಗೆ ಅನ್ನಿಸಿತು, ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು.

ಸಂಘದ ಅಧ್ಯಕ್ಷರು ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ಏನು ಹೇಳಿದರೂ ವಾರ್ತೆಯಂತೆಯೇ ಕೇಳಿಸುತ್ತಿತ್ತು. ಜೊತೆಗೆ ಕಾರ್ಯದರ್ಶಿ, ಕನ್ನಡಕದ ತೆಳ್ಳಗಿನ ಹೆಂಗಸು, ಎರಡು ಕೈಯಲ್ಲೂ ನೀಲಿ ಮಖಮಲ್ಲಿನ ಪೆಟ್ಟಿಗೆ ಹಿಡಿದಿದ್ದಳು. ನಲವತ್ತೆರಡನೆಯದು. ಅಕ್ಕ ಪೆಟ್ಟಿಗೆಯನ್ನೇ ನೋಡುತ್ತಾ ಅವರಿಗೆ ಕುರ್ಚಿ ತೋರಿಸಿದಳು.

"ನಿನ್ನೆಯಿಂದ ಫೋನ್ ಮಾಡ್ತಿದೀವಿ," ಎಂದರು ಅಧ್ಯಕ್ಷರು. ಮೂಲ ಪತ್ರವನ್ನು ಜೇಬಿನಿಂದ ತೆಗೆದು ಬಿಡಿಸಿದರು. "ಒಂದೇ ಮಾತು ಕೇಳ್ತೀನಿ. ಇದು ನೀವು ಬರೆದಿದ್ದಾ? ಅಲ್ಲ ಅಂದ್ರೆ ಇಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗ್ತೀನಿ. ಖೋಟಾ ಪತ್ರ ಬರ್ದೋರು ಯಾರೇ ಆಗ್ಲಿ, ಸಂಜೆಯೊಳಗೆ ಒಳಗಿರ್ತಾರೆ. ಇವತ್ತು ರಾತ್ರಿ ಕಾರ್ಯಕ್ರಮ ಅಂದುಕೊಂಡ ಹಾಗೇ ನಡೆಯುತ್ತೆ."

ತಮ್ಮ ಅಧ್ಯಕ್ಷರನ್ನು ನೋಡಲಿಲ್ಲ. ಅಕ್ಕನನ್ನು ನೋಡಿದ. ಅವಳು ಕಣ್ಣು ಕದಲಿಸಲಿಲ್ಲ. ಹೇಳು, ಎಂದಿತು ಅವಳ ನೋಟ. ಹೇಳು ನೋಡೋಣ. ಅವನು ಸುಮ್ಮನಿರುತ್ತಾನೆ ಎಂಬ ಲೆಕ್ಕ ಅವಳದು. ಆ ಮೌನವೇ ಒಪ್ಪಿಗೆಯಾಗುತ್ತದೆ ಎಂದು.

"ನಾನೇ ಬರ್ದಿದ್ದು," ಎಂದ ತಮ್ಮ.

ಅವಳು ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತ್ತು. ಬಾಯಿಬಿಟ್ಟು ಒಪ್ಪಿಕೊಂಡ! ಎದೆಯೊಳಗೆ ಇಪ್ಪತ್ತು ಸಾವಿರ ಜನ ಎದ್ದು ನಿಂತಂತಾಯಿತು.

"ಹಾಡೆಲ್ಲ ತಗಡುವಿನವೇ?"

"ಹೂಂ."

"ಸರಿ," ಎಂದರು ಅಧ್ಯಕ್ಷರು ಪತ್ರ ಮಡಚುತ್ತಾ. "ಹಾಗಾದ್ರೆ ಈ ಸಲದ ಗೌರವ ಯಾರಿಗೂ ಇಲ್ಲ. ಹಾಡುಗಳ ಕೆಳಗೆ ಇನ್ಮುಂದೆ ಅವನ ಹೆಸರೇ ಬರುತ್ತೆ. ನಿಮ್ಮ ಬಾಯಿಂದ್ಲೇ ಬಂದ ಮೇಲೆ ಮುಗೀತು."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡಳು. "ಇದೆಂಥ ಹುಡುಗಾಟ ಸಾರ್? ಮೂರು ತಿಂಗಳ ಹಿಂದೆ ಆಫೀಸಿಗೆ ಬಂದು ನಮ್ಮೆಲ್ರ ಮುಂದೆ ಕೂತು ಅಳ್ತಾ ಹೇಳಿದ್ದೇ ಬೇರೆ. ಅದನ್ನ ನಂಬಿ ಕಮಿಟಿಯಲ್ಲಿ ಜಗಳ ಆಡಿ ಎಲ್ಲಾ ಬದಲಾಯಿಸಿದ್ವಿ. ವೇದಿಕೆ ಮೇಲೇ ಗೊತ್ತಾಗ್ಲಿ ಅಂತ ಬಾಯಿ ಹೊಲ್ಕೊಂಡು ಕೂತ್ವಿ. ಕೆತ್ತೋ ಮುಂಚೆ ಪ್ರೂಫ್ ಕೂಡ ಕಳಿಸಿದ್ವಲ್ಲ, ಅದಕ್ಕೂ ಸಹಿ ಹಾಕ್ಕೊಟ್ರಲ್ಲ!"

"ಪ್ರೂಫಾ?" ಎಂದ ತಮ್ಮ. "ಯಾವ ಪ್ರೂಫು?" ಎಂದವನೇ ತಟ್ಟನೆ ಮುಂದಕ್ಕೆ ಬಾಗಿದ. "ಮೇಡಂ, ಅದನ್ನ ತೆಗೀಬೇಡಿ. ಪ್ಲೀಸ್. ಒಳಗಿಡಿ."

ಅಷ್ಟರಲ್ಲಿ ಕಾರ್ಯದರ್ಶಿ ಬ್ಯಾಗಿನಿಂದ ಪ್ರೂಫಿನ ಚೀಟಿ ತೆಗೆದು ಟೀಪಾಯಿಯ ಮೇಲೆ ಇಟ್ಟಾಗಿತ್ತು. ಅಕ್ಕನಿಗೆ ಸಹಿ ಮೊದಲು ಕಂಡಿತು, ತನ್ನದೇ ಕೈ, ಪಕ್ಕದಲ್ಲಿ 'ಸರಿ ಇದೆ' ಎಂದು ತನ್ನದೇ ಅಕ್ಷರ. ಎರಡು ತಿಂಗಳ ಹಿಂದಿನ ಒಂದು ಸೋಮವಾರದ ತಾರೀಕು. ಸೋಮವಾರ ಎಂದರೆ ನೂರಾರು ಕಾಗದ. ಅವಳು ಅವನ್ನು ಬೀಸಣಿಗೆಯಂತೆ ಹರಡಿಕೊಂಡು, ಸಹಿಯ ಮೂಲೆಗಳಷ್ಟೇ ಕಾಣುವಂತೆ ಒಂದರ ಮೇಲೊಂದು ಜರುಗಿಸಿ, ಮೇಲಿನಿಂದ ಕೆಳಗೆ ಗೀಚುತ್ತಾ ಹೋಗುತ್ತಿದ್ದಳು. ನಲವತ್ತೊಂದು ಸಲ ಒಂದೇ ಹೆಸರಿನ ಪ್ರೂಫು ನೋಡಿದವಳು ನಲವತ್ತೆರಡನೆಯದನ್ನು ಎಳೆದು ಓದಲು ಹೋಗಲಿಲ್ಲ, ಅಷ್ಟೇ. ಈಗ ಓದಿದಳು. 'ನಲವತ್ತು ವರ್ಷಗಳ ಅಷ್ಟೂ ಹಾಡುಗಳನ್ನು ಬರೆದವರಿಗೆ', ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಹೆಸರು. ಯಾರದಿದು ಎಂದು ಒಂದು ಗಳಿಗೆ ಯೋಚಿಸಬೇಕಾಯಿತು. ಅಮ್ಮ ಹೋದ ಮೇಲೆ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ.